ಮಕ್ಕಳ ಕೈಯಲ್ಲಿ ಫೋನ್: ಮಂಗಳೂರು, ಉಡುಪಿಯ ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆಯ ಶಾಲೆ, ಕಾಲೇಜುಗಳಲ್ಲಿ ಹೆತ್ತವರ ಜೊತೆ ಮಾತಾಡುವಾಗ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ನಾಲ್ಕು ಸಾಲಿನ ಉತ್ತರ ಸಾಕು. ಕೆಲವಕ್ಕೆ ಸಾಲದು. ಎಲ್ಲದರ ಹಿಂದೆ ಒಂದೇ ಮಾತಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಫೋನಿನಲ್ಲಿ ಏನಾದರೂ ಎಡವಟ್ಟಾದರೆ ಮಗು ಮೊದಲು ನಿಮ್ಮ ಹತ್ತಿರ ಬರಬೇಕು. "ಹೇಳಿದರೆ ಫೋನ್ ಹೋಗುತ್ತದೆ, ಪೆಟ್ಟು ಬೀಳುತ್ತದೆ" ಎಂಬ ಹೆದರಿಕೆ ಇದ್ದರೆ ಅದು ಬರುವುದಿಲ್ಲ. ಹಾಗಾಗಿ ಫೋನ್ ಕೊಡುವ ದಿನವೇ ಮಾತು ಕೊಡಿ: "ಏನೇ ಆದರೂ ನನಗೆ ಹೇಳು. ಹೇಳಿದ್ದಕ್ಕೆ ಬೈಯುವುದಿಲ್ಲ, ಫೋನ್ ಕಿತ್ತುಕೊಳ್ಳುವುದಿಲ್ಲ." ಆಮೇಲೆ ಆ ಮಾತನ್ನು ಉಳಿಸಿಕೊಳ್ಳಿ.

ಎಷ್ಟನೇ ಕ್ಲಾಸಿಗೆ ಸ್ವಂತ ಫೋನ್ ಕೊಡಬಹುದು?

ಇಷ್ಟೇ ವಯಸ್ಸು ಎಂದು ಹೇಳುವ ಕಾನೂನು ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಸ್ಮಾರ್ಟ್‌ಫೋನ್ ಮನೆಯದ್ದಾಗಿರಲಿ, ಮಗುವಿನದ್ದಲ್ಲ. ಚಾವಡಿಯಲ್ಲಿ ಕೂತು ನೋಡಲಿ, ಕೋಣೆಯ ಬಾಗಿಲು ಹಾಕಿಕೊಂಡು ಬೇಡ. ರಾತ್ರಿ ಎಲ್ಲರ ಫೋನೂ ಒಂದೇ ಕಡೆ ಚಾರ್ಜಿಗೆ ಹೋಗಲಿ. ಎಲ್ಲರದ್ದೂ ಎಂದರೆ ಅಪ್ಪನದ್ದೂ ಸೇರಿ.

ಮಳೆ ಜೋರಾದಾಗ ಬಸ್ಸು ತಡವಾಗುತ್ತದೆ, ಟ್ಯೂಷನ್ ಮುಗಿಸಿ ಮಗಳು ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಂತಿರುತ್ತಾಳೆ, ಫೋನ್ ಇಲ್ಲದೆ ಹೇಗೆ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆ ಚಿಂತೆಗೆ ಕೀಪ್ಯಾಡ್ ಫೋನ್ ಸಾಕು.

ಮಗಳು ಆರನೇ ಕ್ಲಾಸು. ಕ್ಲಾಸಿನವರೆಲ್ಲ ಇನ್‌ಸ್ಟಾಗ್ರಾಮ್‌ನಲ್ಲಿ ಇದ್ದಾರಂತೆ. ಅಕೌಂಟ್ ಮಾಡಿ ಕೊಡಲಾ?

ಬೇಡ. ಇನ್‌ಸ್ಟಾಗ್ರಾಮ್‌ನ ನಿಯಮದ ಪ್ರಕಾರವೇ ಕನಿಷ್ಠ 13 ವರ್ಷ ಆಗಿರಬೇಕು. ಎಷ್ಟೋ ಮನೆಗಳಲ್ಲಿ ಹೆತ್ತವರೇ ಹುಟ್ಟಿದ ವರ್ಷ ಹಿಂದೆ ಹಾಕಿ ಅಕೌಂಟ್ ತೆರೆದು ಕೊಡುತ್ತಾರೆ. ಇದರಿಂದ ಎರಡು ತೊಂದರೆ. ಸುಳ್ಳು ಹೇಳಿದರೆ ಕೆಲಸ ಆಗುತ್ತದೆ ಎಂದು ಮಗು ಮೊದಲ ದಿನವೇ ಕಲಿಯುತ್ತದೆ. ಇನ್ನೊಂದು ದೊಡ್ಡದು. ಭಾರತದಲ್ಲಿ 2025ರ ಫೆಬ್ರವರಿಯಿಂದ ಇನ್‌ಸ್ಟಾಗ್ರಾಮ್ 18 ವರ್ಷದೊಳಗಿನವರಿಗೆ ಬೇರೆ ಥರದ ಅಕೌಂಟ್ ತಂದಿದೆ. ಅದು ತಾನಾಗಿಯೇ ಪ್ರೈವೇಟ್ ಆಗಿರುತ್ತದೆ. ಗುರುತಿಲ್ಲದವರು ಮೆಸೇಜ್ ಕಳಿಸಲು ಆಗುವುದಿಲ್ಲ. 16 ವರ್ಷದೊಳಗಿನವರು ಆ ಕಟ್ಟನ್ನು ಸಡಿಲ ಮಾಡಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. ಹುಟ್ಟಿದ ವರ್ಷ ಸುಳ್ಳು ಹಾಕಿ ಮಗಳನ್ನು ದೊಡ್ಡವಳು ಮಾಡಿದರೆ ಈ ರಕ್ಷಣೆ ಪೂರ್ತಿ ಕೈತಪ್ಪುತ್ತದೆ.

ಈಗಾಗಲೇ ಹಾಗೆ ಮಾಡಿದ್ದರೆ ಆ ಅಕೌಂಟ್ ಮುಚ್ಚಿ. 13 ಆದ ಮೇಲೆ ಸರಿಯಾದ ತಾರೀಕು ಹಾಕಿ, ಪಕ್ಕದಲ್ಲಿ ಕೂತು ಹೊಸದು ಮಾಡಿ ಕೊಡಿ.

ನನ್ನ ಗಂಡ ಮಸ್ಕತ್‌ನಲ್ಲಿ. ಮನೆಯಲ್ಲಿ ನಾನು, ಅತ್ತೆ, ಇಬ್ಬರು ಮಕ್ಕಳು. ಫೋನಿನ ವಿಷಯ ನನಗಿಂತ ಮಕ್ಕಳಿಗೇ ಜಾಸ್ತಿ ಗೊತ್ತು. ನಾನು ಹೇಗೆ ನೋಡಿಕೊಳ್ಳುವುದು?

ಕರಾವಳಿಯಲ್ಲಿ ಇದು ಎಷ್ಟು ಮನೆಗಳ ಕತೆ ಅಂತ ನಿಮಗೇ ಗೊತ್ತು. ಧೈರ್ಯವಾಗಿರಿ. ಮಕ್ಕಳಿಗೆ ಆ್ಯಪ್ ಗೊತ್ತು, ನಿಮಗೆ ಮನುಷ್ಯರು ಗೊತ್ತು. ಗುರುತಿಲ್ಲದ ಒಬ್ಬ ಸುಮ್ನೆ ಹೊಗಳುತ್ತಾ ಬಂದರೆ ಅವನಿಗೆ ಏನೋ ಬೇಕಾಗಿದೆ ಎಂದು ನಿಮಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಹದಿಮೂರರ ಮಗುವಿಗೆ ಗೊತ್ತಾಗುವುದಿಲ್ಲ. ನೀವು ಕಲಿಸಬೇಕಾದದ್ದು ಅದನ್ನೇ.

ತಾಂತ್ರಿಕ ಕೆಲಸವನ್ನು ನಿಮ್ಮ ಗಂಡ ಅಲ್ಲಿಂದಲೇ ಮಾಡಬಹುದು. ಗೂಗಲ್‌ನ ಫ್ಯಾಮಿಲಿ ಲಿಂಕ್ ಎಂಬ ಉಚಿತ ಆ್ಯಪ್ ಇದೆ. ಮಗು ಹೊಸ ಆ್ಯಪ್ ಹಾಕಲು ಹೊರಟರೆ ಒಪ್ಪಿಗೆ ಕೇಳುವ ಸಂದೇಶ ಅಪ್ಪನ ಫೋನಿಗೆ ಹೋಗುತ್ತದೆ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟು ಗಂಟೆಗೆ ಬಂದ್ ಎಂಬುದನ್ನೂ ಅವರೇ ಅಲ್ಲಿ ಕೂತು ಇಡಬಹುದು. ಐಫೋನಿನಲ್ಲಿ ಇದೇ ಕೆಲಸಕ್ಕೆ ಸ್ಕ್ರೀನ್ ಟೈಮ್ ಇದೆ. ರಜೆಗೆ ಬರುವಾಗ ಅಪ್ಪ ಹೊಸ ಫೋನ್ ತಂದರೆ, ಪೆಟ್ಟಿಗೆ ಬಿಚ್ಚಿದ ಕೂಡಲೇ ಇದನ್ನು ಮಾಡಿ ಮುಗಿಸಿ. ಮಗು ನಾಲ್ಕು ದಿನ ಬಳಸಿದ ಮೇಲೆ ಕಟ್ಟು ಹಾಕಹೊರಟರೆ ಜಗಳ ಗ್ಯಾರಂಟಿ.

ಇನ್ನೊಂದು ಕೋರಿಕೆ ದೂರದಲ್ಲಿರುವ ಅಪ್ಪಂದಿರಿಗೆ. ದಿನಾ ವಿಡಿಯೋ ಕಾಲ್‌ನಲ್ಲಿ "ಓದಿದ್ಯಾ? ಮಾರ್ಕ್ಸ್ ಎಷ್ಟು?" ಇವೆರಡೇ ಕೇಳಿದರೆ, ಕಷ್ಟ ಬಂದ ದಿನ ಮಗು ಆ ಕಾಲ್ ಎತ್ತುವುದಿಲ್ಲ. ಇವತ್ತು ಯಾವ ವಿಡಿಯೋ ನೋಡಿ ನಕ್ಕೆ ಎಂದೂ ಕೇಳಿ.

ಮಗನಿಗೆ ಗೊತ್ತಾಗದ ಹಾಗೆ ಅವನ ಫೋನ್ ನೋಡಬಹುದಾ?

ಚಿಕ್ಕ ಮಗುವಾದರೆ ನೋಡಿ, ಆದರೆ ನೋಡುತ್ತೇನೆ ಎಂದು ಹೇಳಿಯೇ ನೋಡಿ. ಪಿಯುಸಿ ಮಟ್ಟದ ಹುಡುಗನ ಚಾಟ್ ಕದ್ದು ಓದಿದರೆ ಒಂದಲ್ಲ ಒಂದು ದಿನ ಅವನಿಗೆ ಗೊತ್ತಾಗುತ್ತದೆ. ಆಮೇಲೆ ಅವನು ಇನ್ನೊಂದು ಅಕೌಂಟ್ ತೆರೆಯುತ್ತಾನೆ, ಅದು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಜೀವಕ್ಕೆ ಅಪಾಯ, ಡ್ರಗ್ಸ್ ಅಥವಾ ಯಾರೋ ಬೆದರಿಸುತ್ತಿರುವ ಅನುಮಾನ ಬಲವಾಗಿದ್ದರೆ ಮಾತು ಬೇರೆ. ಆಗ ಸಂಕೋಚ ಬೇಡ.

ಯಾರೋ ಮಗಳ ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದಾನೆ. ಈಗ ಏನು ಮಾಡಲಿ?

ಇದಕ್ಕೆ ಉದ್ದ ಉತ್ತರ ಬೇಕು, ನಿಧಾನವಾಗಿ ಓದಿ.

ಶುರುವಾಗುವುದು ಹೆಚ್ಚಾಗಿ ಒಂದೇ ರೀತಿ. ಗೇಮಿನಲ್ಲೋ ಇನ್‌ಸ್ಟಾದಲ್ಲೋ ಒಬ್ಬ ಫ್ರೆಂಡ್ ಆಗುತ್ತಾನೆ. "ನಿನ್ನ ಡ್ಯಾನ್ಸ್ ಸೂಪರ್" ಎನ್ನುತ್ತಾನೆ. ಮನೆಯಲ್ಲಿ ಬೈದ ದಿನ ಸಮಾಧಾನ ಹೇಳುತ್ತಾನೆ. ಆಮೇಲೆ ವಾಟ್ಸ್ಆ್ಯಪ್‌ಗೆ ಬಾ ಎನ್ನುತ್ತಾನೆ. ಒಂದು ಫೋಟೋ ಕೇಳುತ್ತಾನೆ, ಅದಕ್ಕಿಂತ ಮುಂದಿನ ಫೋಟೋ ಕೇಳುತ್ತಾನೆ. ಅದು ಕೈಗೆ ಸಿಕ್ಕಿದ ಮೇಲೆ ದನಿ ಬದಲಾಗುತ್ತದೆ: "ದುಡ್ಡು ಹಾಕು, ಇಲ್ಲವಾದರೆ ನಿನ್ನ ಅಪ್ಪನಿಗೆ, ಕ್ಲಾಸ್ ಗ್ರೂಪಿಗೆ ಕಳಿಸುತ್ತೇನೆ." ಈಗ ನಿಜವಾದ ಫೋಟೋ ಕೂಡ ಬೇಕಾಗಿಲ್ಲ. ಪ್ರೊಫೈಲ್ ಫೋಟೋದ ಮುಖ ತೆಗೆದು ಎಐಯಿಂದ ಬೆತ್ತಲೆ ಚಿತ್ರ ಮಾಡುವವರಿದ್ದಾರೆ. ಇದು ಹುಡುಗಿಯರಿಗೆ ಮಾತ್ರ ಆಗುವುದಲ್ಲ. ಹುಡುಗರೂ ಸಿಕ್ಕಿಬೀಳುತ್ತಾರೆ. ಹುಡುಗರು ಬಾಯಿ ಬಿಡುವುದು ಇನ್ನೂ ಕಡಿಮೆ.

ಮಗು ಬಂದು ಹೇಳಿದ ಮೊದಲ ಐದು ನಿಮಿಷ ಎಲ್ಲಕ್ಕಿಂತ ಮುಖ್ಯ. "ಯಾಕೆ ಕಳಿಸಿದೆ?" ಎಂದು ಕೇಳಬೇಡಿ. "ನೀನು ಹೇಳಿದ್ದು ಒಳ್ಳೆಯದಾಯ್ತು ಮಗಾ. ಇನ್ನು ಇದು ನಮ್ಮ ಕೆಲಸ" ಅನ್ನಿ. ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬೇಡಿ, ಒಂದೇ ಕೋಣೆಯಲ್ಲಿ ಮಲಗಿ. ನಾಚಿಕೆ ಮತ್ತು ಹೆದರಿಕೆಯಲ್ಲಿ ಮಕ್ಕಳು ಜೀವಕ್ಕೇ ಕೈ ಹಾಕುತ್ತಾರೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಾತಾಡಲು ತಿಳಿದವರು ಬೇಕಾದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ದುಡ್ಡು ಕೊಡಬೇಡಿ. ಒಮ್ಮೆ ಕೊಟ್ಟರೆ ಇವರ ಹತ್ತಿರ ದುಡ್ಡಿದೆ, ಹೆದರಿಕೆಯೂ ಇದೆ ಎಂದು ಅವನಿಗೆ ಖಾತ್ರಿಯಾಗುತ್ತದೆ. ಮತ್ತೆ ಕೇಳುತ್ತಾನೆ.

ಸಿಟ್ಟಿನಲ್ಲಿ ಆ್ಯಪ್ ತೆಗೆಯಬೇಡಿ, ಚಾಟ್ ಅಳಿಸಬೇಡಿ. ಅವನ ಯೂಸರ್‌ನೇಮ್, ಪ್ರೊಫೈಲ್ ಲಿಂಕ್, ಫೋನ್ ನಂಬರ್, ದುಡ್ಡು ಹಾಕಲು ಕೊಟ್ಟ ಯುಪಿಐ ಐಡಿ, ಬೆದರಿಕೆಯ ಮೆಸೇಜ್, ದಿನ ಮತ್ತು ಸಮಯ ಇವನ್ನೆಲ್ಲ ಉಳಿಸಿಕೊಳ್ಳಿ. ಆಮೇಲೆ ಬ್ಲಾಕ್ ಮಾಡಿ. ಆದರೆ ಮಗುವಿನ ಆ ಚಿತ್ರವನ್ನು ಮಾತ್ರ ಯಾರಿಗೂ ಕಳಿಸಬೇಡಿ. ಅಣ್ಣನಿಗೆ ತೋರಿಸಲು, ಟೀಚರಿಗೆ ತೋರಿಸಲು ಅಂತಲೂ ಬೇಡ. 18 ವರ್ಷದೊಳಗಿನವರ ಅಂಥ ಚಿತ್ರ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮು ಮತ್ತು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಎರಡರಲ್ಲೂ ಅಪರಾಧ. ಫೋನನ್ನು ಹಾಗೆಯೇ ಪೊಲೀಸರಿಗೆ ತೋರಿಸಿ.

ದೂರು ಕೊಡಲು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, ಅದರಲ್ಲಿ ಹೆಂಗಸರು ಮತ್ತು ಮಕ್ಕಳ ಮೇಲಿನ ಅಪರಾಧಕ್ಕೆ ಬೇರೆಯೇ ವಿಭಾಗ ಇದೆ. ಮಂಗಳೂರಿನಲ್ಲೂ ಉಡುಪಿಯಲ್ಲೂ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗಳಿವೆ. ಅಷ್ಟು ದೂರ ಹೋಗಲು ಆಗದಿದ್ದರೆ ಹತ್ತಿರದ ಯಾವ ಠಾಣೆಗೆ ಹೋದರೂ ದೂರು ತೆಗೆದುಕೊಳ್ಳಬೇಕು. ಮಕ್ಕಳ ಸಹಾಯವಾಣಿ 1098.

ಚಿತ್ರ ಹರಡುವ ಹೆದರಿಕೆ ಇದ್ದರೆ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ ಇದೆ. ಅಮೆರಿಕದಲ್ಲಿ ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಇರುವ ರಾಷ್ಟ್ರೀಯ ಕೇಂದ್ರ ಅದನ್ನು ನಡೆಸುತ್ತದೆ, ನಮ್ಮ ಮಕ್ಕಳೂ ಬಳಸಬಹುದು. ಚಿತ್ರ ನಿಮ್ಮ ಫೋನ್ ಬಿಟ್ಟು ಹೊರಗೆ ಹೋಗುವುದಿಲ್ಲ. ಆ ಚಿತ್ರದ ಬೆರಳಚ್ಚಿನ ಹಾಗಿರುವ ಒಂದು ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ. ಇದಕ್ಕೆ ಕೈಜೋಡಿಸಿರುವ ಕಂಪನಿಗಳು ಆ ಸಂಖ್ಯೆ ಹಿಡಿದು ಚಿತ್ರವನ್ನು ಹುಡುಕಿ ತೆಗೆಯುತ್ತವೆ. ವಾಟ್ಸ್ಆ್ಯಪ್ ಚಾಟಿನ ಒಳಗೆ ಹಂಚಿದ್ದನ್ನು ತಡೆಯಲು ಇದಕ್ಕೆ ಆಗುವುದಿಲ್ಲ. 18 ದಾಟಿದವರಿಗೆ ಸ್ಟಾಪ್ ಎನ್‌ಸಿಐಐ ಎಂಬುದು ಇದೇ ಥರದ ಸೇವೆ.

ತಪ್ಪು ಮಾಡಿದ್ದು ನಮ್ಮ ಮಗನೇ. ಕ್ಲಾಸಿನ ಹುಡುಗಿಯ ಫೋಟೋ ಎಡಿಟ್ ಮಾಡಿ ಗ್ರೂಪಿನಲ್ಲಿ ಹಾಕಿದ್ದಾನೆ.

ಈ ಪ್ರಶ್ನೆ ಕೇಳುವ ಹೆತ್ತವರು ಕಡಿಮೆ. ಕೇಳಿದವರ ಮೇಲೆ ನನಗೆ ಬಹಳ ಗೌರವ.

"ಹುಡುಗಾಟಕ್ಕೆ ಮಾಡಿದ" ಎಂದು ತೇಲಿಸಬೇಡಿ. ಆ ಹುಡುಗಿ ನಾಳೆ ಅದೇ ಕ್ಲಾಸಿಗೆ ಹೋಗಬೇಕು, ಅದೇ ಬಸ್ಸಿನಲ್ಲಿ ಬರಬೇಕು. ಮೊದಲು ಹರಡುವುದು ನಿಲ್ಲಲಿ. ಗ್ರೂಪಿನಿಂದ ತೆಗೆಸಿ, ಯಾರ್ಯಾರು ಉಳಿಸಿಕೊಂಡಿದ್ದಾರೋ ಅವರಿಗೂ ಅಳಿಸಲು ಅವನೇ ಹೇಳಲಿ. ಚಿತ್ರ ಅಸಭ್ಯವಾಗಿದ್ದರೆ ಇದು ಶಾಲೆಯೊಳಗೆ ಮುಗಿಯುವ ವಿಷಯವಲ್ಲ. ಆಗ ಏನನ್ನೂ ಅಳಿಸುವ ಮೊದಲೇ ಒಬ್ಬ ವಕೀಲರ ಹತ್ತಿರ ಮಾತಾಡಿ. ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ, ಅಂಥ ಅಪರಾಧ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯವರಿಗೂ ಇದು ಅನ್ವಯಿಸುತ್ತದೆ. ಶಾಲೆಯ ಹೆಸರು ಕೆಡುತ್ತದೆ ಎಂದು ಮುಚ್ಚಿಟ್ಟರೆ ಅದೇ ಇನ್ನೊಂದು ತಪ್ಪು. 18 ವರ್ಷದೊಳಗಿನ ಹುಡುಗನ ವಿಷಯ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ.

ಕ್ಷಮೆ ಕೇಳಿಸುವುದು ಒಳ್ಳೆಯದೇ. ಆದರೆ ಆ ಹುಡುಗಿಗೂ ಅವಳ ಮನೆಯವರಿಗೂ ಅದು ಬೇಕೇ ಎಂದು ಶಾಲೆಯ ಮೂಲಕ ಮೊದಲು ಕೇಳಿ. ಒತ್ತಾಯದಿಂದ ಎದುರಿಗೆ ನಿಲ್ಲಿಸಿದರೆ ಅವಳಿಗೇ ಮತ್ತೆ ಹಿಂಸೆ. ಮಗನ ಫೋನ್ ಕೆಲವು ತಿಂಗಳು ನಿಮ್ಮ ಹತ್ತಿರ ಇರಲಿ. ಮೊದಲಿಗೆ ಕೊಟ್ಟ ಮಾತಿಗೆ ಇದು ವಿರುದ್ಧ ಅಲ್ಲ. ಕಷ್ಟ ಹೇಳಿಕೊಂಡು ಬಂದ ಮಗು ಬೇರೆ, ಇನ್ನೊಬ್ಬರಿಗೆ ಕಷ್ಟ ಕೊಟ್ಟ ಮಗು ಬೇರೆ. ಈ ವ್ಯತ್ಯಾಸವನ್ನು ಬಾಯಿ ಬಿಟ್ಟು ಹೇಳಿ.

ಸುಳ್ಳು ಸುದ್ದಿ ಗುರುತಿಸಲು ಮಕ್ಕಳಿಗೆ ಹೇಗೆ ಕಲಿಸುವುದು?

ನಮ್ಮ ಊರಿನಲ್ಲಿ ಇದಕ್ಕೆ ಒಳ್ಳೆಯ ಪಾಠ ಜೂನ್, ಜುಲೈಯಲ್ಲಿ ತಾನಾಗಿಯೇ ಬರುತ್ತದೆ. ಜೋರು ಮಳೆ. ರಾತ್ರಿ ಮಕ್ಕಳೆಲ್ಲ ಜಿಲ್ಲಾಧಿಕಾರಿಯವರ ರಜೆ ಆದೇಶಕ್ಕೆ ಕಾಯುತ್ತಿರುತ್ತಾರೆ. ಅಷ್ಟರಲ್ಲಿ ವಾಟ್ಸ್ಆ್ಯಪ್‌ನಲ್ಲಿ "ನಾಳೆ ರಜೆ" ಎಂಬ ಆದೇಶದ ಫೋಟೋ ಬರುತ್ತದೆ. ಸೀಲು, ಸಹಿ ಎಲ್ಲ ಇರುತ್ತದೆ. ಹೋದ ವರ್ಷದ್ದೋ, ಪಕ್ಕದ ಜಿಲ್ಲೆಯದ್ದೋ, ತಾರೀಕು ತಿದ್ದಿದ್ದೋ ಆಗಿರುತ್ತದೆ. ಸುಳ್ಳು ಆದೇಶ ನಂಬಬೇಡಿ ಎಂದು ಜಿಲ್ಲಾಡಳಿತವೇ ಹೇಳಬೇಕಾಗಿ ಬಂದದ್ದೂ ಉಂಟು.

ಆಗ ಮಗುವನ್ನು ಪಕ್ಕ ಕೂರಿಸಿಕೊಳ್ಳಿ. ತಾರೀಕು ನೋಡು. ಯಾವ ಜಿಲ್ಲೆ, ಯಾವ ತಾಲೂಕು ನೋಡು. ಅಂಗನವಾಡಿಯಿಂದ ಪಿಯುಸಿವರೆಗಾ, ಡಿಗ್ರಿಗೂ ಉಂಟಾ ನೋಡು. ಜಿಲ್ಲಾಡಳಿತದ ಅಧಿಕೃತ ಖಾತೆಯಲ್ಲಿ ಇದೆಯಾ? ಶಾಲೆಯಿಂದ ಮೆಸೇಜ್ ಬಂತಾ? ಬರುವವರೆಗೆ ಯಾರಿಗೂ ಕಳಿಸಬೇಡ. ಈ ಪಾಠ ಗಟ್ಟಿಯಾಗಿ ಕೂರಲು ಕಾರಣವಿದೆ. ರಜೆ ಬೇಕು ಎಂದು ಮಗುವಿಗೆ ನಿಜವಾಗಿಯೂ ಆಸೆ. ತನಗೆ ಬೇಕಾದ ಸುದ್ದಿಯನ್ನು ತಾನು ಎಷ್ಟು ಬೇಗ ನಂಬಿದೆ ಎಂಬುದನ್ನು ಅದು ತನ್ನಲ್ಲೇ ಕಾಣುತ್ತದೆ.

ಧರ್ಮದ ವಿಷಯದಲ್ಲಿ ಕೆರಳಿಸುವ ವಿಡಿಯೋ ಮಗನ ಸ್ಟೇಟಸ್‌ನಲ್ಲಿ ನೋಡಿದೆ. "ಎಲ್ಲರೂ ಹಾಕಿದ್ದಾರೆ" ಎನ್ನುತ್ತಾನೆ.

ರಜೆಯ ಸುಳ್ಳು ಸುದ್ದಿಯಲ್ಲಿ ಆಸೆ, ಇಲ್ಲಿ ಸಿಟ್ಟು. ಕೆಲಸ ಮಾಡುವ ರೀತಿ ಒಂದೇ. ನಮ್ಮ ಜಿಲ್ಲೆಗಳಲ್ಲಿ ಒಂದು ಫಾರ್ವರ್ಡ್ ಎಷ್ಟು ದೂರ ಹೋಗುತ್ತದೆ ಎಂದು ಹಿರಿಯರಾದ ನಿಮಗೆ ವಿವರಿಸಬೇಕಾಗಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಎರಡು ಬಾಣದ ಗುರುತು ಇದ್ದರೆ ಅದು ಕೈಯಿಂದ ಕೈಗೆ ತುಂಬ ಸಲ ದಾಟಿ ಬಂದದ್ದು ಎಂದು ಅರ್ಥ. ಕಳಿಸಿದವನಿಗೂ ಅದರ ಮೂಲ ಗೊತ್ತಿರುವುದಿಲ್ಲ.

ಸ್ಟೇಟಸ್ 24 ಗಂಟೆಗೆ ಹೋಗುತ್ತದೆ, ಬೇರೆಯವರು ತೆಗೆದ ಸ್ಕ್ರೀನ್‌ಶಾಟ್ ಹೋಗುವುದಿಲ್ಲ. ಗುಂಪುಗಳ ನಡುವೆ ದ್ವೇಷ ಬಿತ್ತುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಿನಲ್ಲಿ ಅಪರಾಧ. ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ಸಿಗುವುದೇ ಕಷ್ಟ. ಓದು ಮುಗಿಸಿ ದುಬೈಗೆ ಹೋಗಬೇಕು ಎಂದುಕೊಂಡಿರುವ ಹುಡುಗನಿಗೆ ಈ ಮಾತು ಅರ್ಥವಾಗುತ್ತದೆ. ಆದರೂ ಕೇಸಿನ ಹೆದರಿಕೆಯಲ್ಲೇ ಮಾತು ನಿಲ್ಲಿಸಬೇಡಿ. ಅವನ ಜೊತೆ ಕ್ರಿಕೆಟ್ ಆಡುವ ಬೇರೆ ಧರ್ಮದ ಗೆಳೆಯ ಆ ಸ್ಟೇಟಸ್ ನೋಡಿದರೆ ಏನು ಅಂದುಕೊಳ್ಳುತ್ತಾನೆ ಎಂದು ಕೇಳಿ.

ಗೇಮ್ ಆಡುತ್ತಾ ನನ್ನ ಖಾತೆಯಿಂದ ದುಡ್ಡು ಖಾಲಿ ಮಾಡಿದ್ದಾನೆ.

ಯುಪಿಐ ಪಿನ್ ಮಗುವಿಗೆ ಹೇಳಬೇಡಿ, ಗೇಮ್ ಅಕೌಂಟಿಗೆ ಕಾರ್ಡ್ ಜೋಡಿಸಿ ಇಡಬೇಡಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇಡಿ. ಗೇಮ್ ಒಳಗೆ ಬಟ್ಟೆ, ಬಂದೂಕು ಕೊಳ್ಳುವುದು ಒಂದು. ದುಡ್ಡು ಕಟ್ಟಿ ಗೆಲ್ಲುವ ಆಟ ಇನ್ನೊಂದು. ಎರಡನೆಯದನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ. ಆಡಿಸುವವರಿಗೂ ಜಾಹೀರಾತು ಮಾಡುವವರಿಗೂ ಶಿಕ್ಷೆ. ಟೆಲಿಗ್ರಾಂ ಲಿಂಕ್ ಮೂಲಕ ಅಂಥ ಆಟ ಬಂದರೆ ದುಡ್ಡು ಹೋದ ಹಾಗೆಯೇ.

ಮಗಳು ಡಿಗ್ರಿ ಓದುತ್ತಿದ್ದಾಳೆ. ಬ್ಯಾಂಕ್ ಖಾತೆ ಬಾಡಿಗೆಗೆ ಕೊಟ್ಟರೆ ದುಡ್ಡು ಕೊಡುತ್ತೇವೆ ಎಂದು ಯಾರೋ ಹೇಳಿದರಂತೆ. ತೊಂದರೆ ಇದೆಯಾ?

ದೊಡ್ಡ ತೊಂದರೆ. ಇದು ಕಾಲೇಜು ಮಕ್ಕಳಿಗೇ ಹಾಕುವ ಬಲೆ. ನಮ್ಮದು ಕಾಲೇಜುಗಳ ಊರು. ಹಾಸ್ಟೆಲ್, ಪಿಜಿಯಲ್ಲಿ ಇರುವವರಿಗೆ ಖರ್ಚಿಗೆ ಸದಾ ದುಡ್ಡು ಬೇಕು. "ನಿನ್ನ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ" ಎನ್ನುತ್ತಾರೆ. ಎಲ್ಲೋ ಯಾರೋ ಅಜ್ಜನಿಗೆ ಪೊಲೀಸರ ಸೋಗಿನಲ್ಲಿ ವಿಡಿಯೋ ಕಾಲ್ ಮಾಡಿ, ನಿನ್ನನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಎಂದು ಹೆದರಿಸಿ ದೋಚಿದ ದುಡ್ಡು ಈ ಖಾತೆಗೆ ಬಂದು, ನಿಮಿಷಗಳಲ್ಲಿ ಮುಂದೆ ಹೋಗುತ್ತದೆ. ಪೊಲೀಸರು ದುಡ್ಡಿನ ಜಾಡು ಹಿಡಿದು ಬಂದಾಗ ಅವರಿಗೆ ಸಿಗುವುದು ನಿಮ್ಮ ಮಗಳ ಹೆಸರು. ಅಂದ ಹಾಗೆ, ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಮನೆಯ ಅಜ್ಜ ಅಜ್ಜಿಗೆ ಇದನ್ನು ಮಕ್ಕಳ ಬಾಯಿಂದಲೇ ಹೇಳಿಸಿ.

ಈಗಾಗಲೇ ಖಾತೆ ಕೊಟ್ಟಾಗಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ಬರವಣಿಗೆಯಲ್ಲಿ ತಿಳಿಸಿ, ಕಾರ್ಡ್ ಮತ್ತು ಸಿಮ್ ಬ್ಲಾಕ್ ಮಾಡಿಸಿ. ಆಮೇಲೆ ವಕೀಲರ ಸಲಹೆ ಪಡೆದು ಠಾಣೆಗೆ ಹೋಗಿ. ನಿಮ್ಮದೇ ದುಡ್ಡು ಮೋಸಕ್ಕೆ ಹೋಗಿದ್ದರೆ ಆ ಕ್ಷಣವೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಕೈ ಬದಲಾಯಿಸುವ ಮೊದಲೇ ತಡೆದರೆ ಮಾತ್ರ ಸಿಗುವ ಸಾಧ್ಯತೆ ಜಾಸ್ತಿ.

ಅಷ್ಟಮಿಗೆ ಮಗುವಿಗೆ ಮುದ್ದುಕೃಷ್ಣ ವೇಷ ಹಾಕಿ ಫೋಟೋ ಹಾಕುವುದೂ ತಪ್ಪಾ?

ವೇಷ ಹಾಕಿ, ಫೋಟೋ ತೆಗೆಯಿರಿ, ಮನೆಯವರ ಗ್ರೂಪಿನಲ್ಲಿ ಹಂಚಿ ಖುಷಿ ಪಡಿ. ನನ್ನ ಆತಂಕ "ಜಾಸ್ತಿ ಲೈಕ್ ಬಂದವರಿಗೆ ಬಹುಮಾನ" ಎಂಬ ಆನ್‌ಲೈನ್ ಸ್ಪರ್ಧೆಗಳ ಬಗ್ಗೆ. ಅಲ್ಲಿ ಮಗುವಿನ ಹೆಸರು, ವಯಸ್ಸು, ಅಪ್ಪ ಅಮ್ಮನ ಹೆಸರು, ಊರು ಎಲ್ಲ ಬರೆದು, ಅರೆಬಟ್ಟೆಯ ಫೋಟೋ ಊರಿಗೆಲ್ಲ ತೆರೆದಿಡುತ್ತೇವೆ. ಆ ಫೋಟೋ ಯಾರು ಉಳಿಸಿಕೊಂಡರು ಎಂದು ಯಾರಿಗೂ ಗೊತ್ತಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ನೋಂದಣಿ ಸಂಖ್ಯೆ, ಹುಟ್ಟಿದ ದಿನದ ಸಮೇತ ಸ್ಟೇಟಸ್ ಹಾಕುವುದೂ ಹೀಗೆಯೇ. ಎಂಟು, ಹತ್ತು ವರ್ಷದ ಮಕ್ಕಳನ್ನು "ಈ ಫೋಟೋ ಹಾಕಲಾ?" ಎಂದು ಒಮ್ಮೆ ಕೇಳಿ ನೋಡಿ. ಹೀಗೆ ಕೇಳಿಸಿಕೊಂಡು ಬೆಳೆದ ಮಗು ಮುಂದೆ ಇನ್ನೊಬ್ಬರ ಫೋಟೋ ಹಾಕುವ ಮೊದಲು ಕೇಳುತ್ತದೆ.

ರೀಲ್ಸ್ ಮಾಡಲು ಬೀಚಿಗೆ, ಫಾಲ್ಸಿಗೆ ಹೋಗುತ್ತಾರೆ. ತಡೆಯುವುದು ಹೇಗೆ?

ಮಳೆಗಾಲದಲ್ಲಿ ಇದಕ್ಕೆ ಚರ್ಚೆ ಬೇಡ, ಇಲ್ಲ ಎಂದರೆ ಇಲ್ಲ. ಮಲ್ಪೆಯಲ್ಲಿ ಬಲೆ ಕಟ್ಟಿ, ಕೆಂಪು ಬಾವುಟ ಹಾಕುವುದು ಸುಮ್ನೆ ಅಲ್ಲ. 2023ರ ಜುಲೈಯಲ್ಲಿ ಕೊಲ್ಲೂರು ಬಳಿಯ ಅರಿಶಿನಗುಂಡಿ ಜಲಪಾತದಲ್ಲಿ ಗೆಳೆಯ ವಿಡಿಯೋ ಮಾಡುತ್ತಿರುವಾಗಲೇ ಯುವಕನೊಬ್ಬ ಬಂಡೆಯಿಂದ ಜಾರಿ ನೀರುಪಾಲಾದ. ಬೇರೆ ದಿನಗಳಲ್ಲಿ ಹೋದರೂ ವಿಡಿಯೋವನ್ನು ಮನೆಗೆ ಬಂದ ಮೇಲೆ ಹಾಕಲಿ. ಈಗ ಎಲ್ಲಿದ್ದೇನೆ ಎಂದು ಊರಿಗೆಲ್ಲ ತಿಳಿಸಬೇಕಾಗಿಲ್ಲ.

ಫೋಟೋ ಇಟ್ಟುಕೊಂಡು ಹೆದರಿಸುವ ವಿಷಯ ಪೊಲೀಸರಿಗೆ ಹೇಳಿದರೆ ಮಗಳ ಹೆಸರು ಪೇಪರಿನಲ್ಲಿ ಬರುತ್ತದಾ? ಅವಳು ಠಾಣೆಗೆ ಅಲೆಯಬೇಕಾ?

ತುಂಬ ಮನೆಗಳು ಬಾಯಿ ಮುಚ್ಚಿಕೊಳ್ಳುವುದು ಈ ಎರಡು ಹೆದರಿಕೆಯಿಂದಲೇ. ಪೋಕ್ಸೊ ಕಾಯ್ದೆಯ 23ನೇ ಕಲಮಿನಂತೆ ಮಗುವಿನ ಹೆಸರು, ವಿಳಾಸ, ಫೋಟೋ, ಶಾಲೆ, ಮನೆಯವರ ವಿವರ ಯಾವುದನ್ನೂ ಮಾಧ್ಯಮದವರು ಹೊರಗೆ ಹಾಕುವ ಹಾಗಿಲ್ಲ. ಹಾಕಿದರೆ ಅವರಿಗೆ ಶಿಕ್ಷೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ ಪಡೆಯಬೇಕು, ಆದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು. ಅವರು ಯೂನಿಫಾರ್ಮ್‌ನಲ್ಲಿ ಇರಬಾರದು. ಹೇಳಿಕೆ ಬರೆಸುವಾಗ ನೀವು ಪಕ್ಕದಲ್ಲಿ ಕೂರಬಹುದು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಇವೆಲ್ಲ 24 ಮತ್ತು 26ನೇ ಕಲಮುಗಳಲ್ಲಿ ಇವೆ. ಯಾರಾದರೂ "ನಾಳೆ ಹುಡುಗಿಯನ್ನು ಠಾಣೆಗೆ ಕರಕೊಂಡು ಬನ್ನಿ" ಎಂದರೆ, ಈ ಎರಡು ಕಲಮುಗಳ ಹೆಸರು ಹೇಳಿ, ಮನೆಗೇ ಬರಲು ಕೇಳಿ.